ನಾಲ್ಕನೆಯ ಕಂಬ

“ಅಯ್ಯನವರೇ, ತಪ್ಪು ಮಾಡಿದವನಿಗೆ ‘ಇದು ನಿನ್ನ ತಪ್ಪಲ್ಲ’ ಎಂದು ಹೇಳುವುದು ದಯೆಯೇ, ಸುಳ್ಳೇ?” ಎಂದು ಶಿಷ್ಯ ಕೇಳಿದ.

ಅವನು ಪಾದ್ರಿಯ ಕೆಲಸ ಕಲಿಯಲು ಬಂದವನು. ಆ ದಿನ ಬೆಳಿಗ್ಗೆ ಒಂದು ಸಾವಿನ ಮನೆಗೆ ಹೋಗಿ ಬಂದಿದ್ದ. ಆ ಮನೆಯ ಯಜಮಾನ ನೀರಿನ ತೊಟ್ಟಿಯ ಮುಚ್ಚಳ ತೆಗೆದವನು ಮತ್ತೆ ಮುಚ್ಚುವುದನ್ನು ಮರೆತಿದ್ದ. ಅವನ ಎರಡು ವರ್ಷದ ಮಗು ಅದರಲ್ಲಿ ಬಿದ್ದು ಸತ್ತಿತ್ತು. ಶಿಷ್ಯ ಅವನ ಕೈ ಹಿಡಿದು, ನಿನ್ನ ತಪ್ಪಲ್ಲ ಎಂದಿದ್ದ. ಆ ಮನುಷ್ಯ ಕೈ ಬಿಡಿಸಿಕೊಂಡು ಒಳಗೆ ಹೋಗಿ ಕದ ಹಾಕಿಕೊಂಡಿದ್ದ.

ಅವನಿಗೆ ಕಲಿಸುತ್ತಿದ್ದ ಮುದುಕರಾದ ಪಾದ್ರಿ ಹನೋಕಯ್ಯನವರು ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಒಂದು ಕತೆ ಹೇಳಿದರು.

“ನೀವು ಒಗೀರಿ. ನಾ ಬಾಯಿ ಬಿಡಂಗಿಲ್ಲ.”

ಒಬ್ಬ ಗೌಂಡಿಗೆ ಅವನ ಹೆಂಡತಿ ಆಡಿದ ಕಡೆಯ ಮಾತು ಇದು. ಅವನು ಗೋಡೆ ಕಟ್ಟುವವನು. ಅವಳು ಅವನಿಗೆ ಕಲ್ಲು, ಗಾರೆ ಹೊತ್ತುಕೊಟ್ಟವಳು. ಮಕ್ಕಳಿರಲಿಲ್ಲ. ಇಬ್ಬರಿಗೂ ವಯಸ್ಸಾಗುತ್ತಾ ಬಂದಿತ್ತು.

ಅವರ ಊರಿನ ಚರ್ಚಿಗೆ ದೊಡ್ಡ ಅಂಗಳವಿತ್ತು. ಹೊಸದಾಗಿ ಬಂದ ಪಾದ್ರಿ ಅಲ್ಲಿಗೆ ಒಂದು ಆಟ ತಂದ. ಅದರ ಹೆಸರು ಡಿಸ್ಕ್ ಗಾಲ್ಫ್. ಊರವರ ಬಾಯಲ್ಲಿ ಅದು ತಟ್ಟೆ ಆಟವಾಯಿತು. ಅಂಗಳದ ಸುತ್ತ ಆರು ಕಡೆ ಆರು ಕಬ್ಬಿಣದ ಕಂಬ. ಒಂದೊಂದು ಕಂಬಕ್ಕೂ ಸೊಂಟದೆತ್ತರಕ್ಕೆ ಒಂದು ಬುಟ್ಟಿ, ಬುಟ್ಟಿಯ ಮೇಲೆ ಇಳಿಬಿಟ್ಟ ಸರಪಳಿಗಳು. ಪ್ಲಾಸ್ಟಿಕ್ ತಟ್ಟೆಯನ್ನು ದೂರದಿಂದ ಎಸೆಯಬೇಕು, ಆ ಊರಿನ ಮಾತಿನಲ್ಲಿ ಒಗೆಯಬೇಕು. ಅದು ಸರಪಳಿಗೆ ಬಡಿದು ಬುಟ್ಟಿಗೆ ಬೀಳಬೇಕು. ಬೀಳದಿದ್ದರೆ, ತಟ್ಟೆ ಎಲ್ಲಿ ಬಿತ್ತೋ ಅಲ್ಲೇ ನಿಂತು ಮತ್ತೆ ಎಸೆಯಬೇಕು. ಆರು ಕಂಬ ಮುಗಿಯುವುದರೊಳಗೆ ಕಡಿಮೆ ಸಲ ಎಸೆದವರು ಗೆದ್ದ ಹಾಗೆ. ಇನ್ನೊಂದು ಕಟ್ಟಳೆಯೂ ಇತ್ತು. ಒಬ್ಬರು ಎಸೆಯುವಾಗ ಉಳಿದವರು ಮಾತಾಡಬಾರದು.

ಕಂಬಗಳಿಗೆ ಗುಂಡಿ ತೋಡಿ ಸಿಮೆಂಟು ಹಾಕಿ ನಿಲ್ಲಿಸಿದವನು ಈ ಗೌಂಡಿಯೇ. ಹುಡುಗರಿಗೆಂದು ತಂದ ಆಟ ಅವನಿಗೂ ಅವನ ಹೆಂಡತಿಗೂ ಹಿಡಿಯಿತು. ಕೆಲಸ ಮುಗಿಸಿ, ಕೈಕಾಲು ತೊಳೆದುಕೊಂಡು, ದಿನವೂ ಸಂಜೆ ಇಬ್ಬರೂ ಆಡುತ್ತಿದ್ದರು.

ಅವಳು ಬಹಳ ಮಾತಿನ ಹೆಂಗಸು. ಒಲೆಯ ಜೊತೆ ಮಾತಾಡುತ್ತಿದ್ದಳು, ಕೋಳಿಯ ಜೊತೆ ಮಾತಾಡುತ್ತಿದ್ದಳು. ಸುಮ್ಮನಿರಬೇಕೆಂಬ ಕಟ್ಟಳೆಯನ್ನು ಅವಳು ಒಂದು ದಿನವೂ ಪಾಲಿಸಲಿಲ್ಲ. ಅವನು ಗುರಿ ಹಿಡಿದು ಕೈ ಹಿಂದಕ್ಕೆ ಎಳೆಯುತ್ತಲೇ ಹಿಂದಿನಿಂದ ಶುರುಮಾಡುತ್ತಿದ್ದಳು.

“ಗ್ವಾಡಿ ಕಟ್ಟೂ ಕೈಗೆ ಇಂಥಾ ಹಗುರ ಸಾಮಾನು ಹತ್ತಂಗಿಲ್ಲ ಬಿಡ್ರಿ.”

ಇಲ್ಲವೇ, “ಅಲ್ಲೊಂದು ನಾಯಿ ಮಲಗೇತಿ. ಪಾಪ, ಅದರ ನಿದ್ದಿ ಕೆಡಸಬ್ಯಾಡ್ರಿ.”

ಅವನ ಕೈ ತಪ್ಪುತ್ತಿತ್ತು. ಅವಳು ನಗುತ್ತಿದ್ದಳು. ಕೆಲವು ದಿನ ಅವನೂ ನಗುತ್ತಿದ್ದ. ಕೆಲವು ದಿನ ಅವನಿಗೆ ಸಿಟ್ಟು ಬರುತ್ತಿತ್ತು.

ಒಂದು ಸಂಜೆ ಅಂಗಳದಲ್ಲಿ ಹುಡುಗರು ನೋಡುತ್ತಾ ನಿಂತಿದ್ದರು. ಮೊದಲನೆಯ ಕಂಬದಲ್ಲಿ ಅವನು ಸೋತ. ಎರಡನೆಯದರಲ್ಲೂ ಸೋತ. ಮೂರನೆಯದರಲ್ಲಿ ಅವನ ತಟ್ಟೆ ಬುಟ್ಟಿಯ ಅಂಚಿಗೆ ತಾಗಿ ಹೊರಗೆ ಬಿತ್ತು. ಅವಳು ಅದೇನೋ ಅಂದಳು, ಹುಡುಗರು ಹೋ ಎಂದು ನಕ್ಕು ತಮ್ಮ ದಾರಿ ಹಿಡಿದರು. ನಾಲ್ಕನೆಯ ಕಂಬಕ್ಕೆ ಬರುವಾಗ ಗೌಂಡಿಯ ಮುಖ ಕಪ್ಪಾಗಿತ್ತು.

“ಒಂದ ಸಲನಾದ್ರೂ ಬಾಯಿ ಮುಚಗೊಂಡು ಕುಂಡ್ರು,” ಎಂದ.

ಅವಳು ಅವನ ಮುಖ ನೋಡಿದಳು. ಆಗ ಆ ಮಾತು ಆಡಿದಳು. ನೀವು ಒಗೀರಿ, ನಾ ಬಾಯಿ ಬಿಡಂಗಿಲ್ಲ ಎಂದಳು. ಅವನ ಬೆನ್ನ ಹಿಂದೆ ಬೇವಿನ ಮರದ ಕಟ್ಟೆ ಇತ್ತು. ಅಲ್ಲಿ ಹೋಗಿ ಕೂತಳು.

ಅವನು ಎಸೆದ. ತಟ್ಟೆ ನೆಟ್ಟಗೆ ಹೋಗಿ ಸರಪಳಿಗೆ ಬಡಿದು ಬುಟ್ಟಿಗೆ ಬಿತ್ತು. ಅಷ್ಟು ದೂರದಿಂದ ಒಂದೇ ಏಟಿಗೆ ಅವನು ಹಿಂದೆಂದೂ ಹಾಕಿರಲಿಲ್ಲ. ಹೆಂಡತಿ ಏನಾದರೂ ಅಂದಾಳು ಎಂದು ಕಾದ. ಅವಳು ಏನೂ ಅನ್ನಲಿಲ್ಲ. ಅವನಿಗೆ ಖುಷಿಯಾಯಿತು. ಇವತ್ತು ಮಾತು ಕೇಳಿದಳು ಎಂದುಕೊಂಡ.

ಮುಂದಕ್ಕೆ ನಡೆದು ಬುಟ್ಟಿಯಿಂದ ತಟ್ಟೆ ತೆಗೆದುಕೊಂಡ. ಅಲ್ಲಿಂದಲೇ ಕೂಗಿದ.

“ಬಾ, ನಿನ್ನ ಪಾಳಿ.”

ಅವಳು ಎದ್ದು ಬರಲಿಲ್ಲ. ಮರಕ್ಕೆ ಒರಗಿ ಕೂತಿದ್ದಳು. ಮುಖ ಆಚೆ ಕಡೆಗಿತ್ತು. ಸಿಟ್ಟಾಗಿದ್ದಾಳೆ ಎಂದುಕೊಂಡ. ಅವಳು ಸಿಟ್ಟಾದರೆ ಹಾಗೆಯೇ ಮುಖ ತಿರುಗಿಸಿ ಕೂರುವವಳು.

“ಕುಂಡ್ರು ಹಂಗಾದ್ರ. ನಾ ಮುಗಿಸಿ ಬರ್ತೇನಿ.”

ಐದನೆಯ ಕಂಬ ಚರ್ಚಿನ ಹಿಂದೆ. ಆರನೆಯದು ಬಾವಿಯ ಆಚೆ. ಎರಡನ್ನೂ ಒಬ್ಬನೇ ಆಡಿದ. ಅವಸರ ಮಾಡಲಿಲ್ಲ. ಅವಳ ಸಿಟ್ಟು ಇಳಿಯಲಿ ಎಂದು ಬಾವಿಯ ಹತ್ತಿರ ನಿಂತು ಒಂದು ಬೀಡಿಯನ್ನೂ ಸೇದಿದ. ವಾಪಸು ಬರುವಾಗ, ಸೋತದ್ದು ಯಾರು ಹೇಳು ಅಂತ ಕೇಳಬೇಕೆಂದು ಬಾಯಲ್ಲಿ ಮಾತು ಇಟ್ಟುಕೊಂಡು ಬಂದ.

ಅವಳು ಕೂತಲ್ಲೇ ಸತ್ತಿದ್ದಳು. ಅವಳ ತಟ್ಟೆ ಮಡಿಲಲ್ಲಿತ್ತು. ಒಂದು ಕೈ ಸೆರಗನ್ನು ಮುದ್ದೆ ಮಾಡಿ ಹಿಡಿದಿತ್ತು.

ಡಾಕ್ಟರು ನೋಡಿ, ಎದೆಬಡಿತ ನಿಂತಿದೆ ಎಂದರು. ಕೂಡಲೇ ತಮ್ಮನ್ನು ಕರೆದಿದ್ದರೂ ಪ್ರಯೋಜನವಿರಲಿಲ್ಲ ಎಂದರು. ಮಾರನೆಯ ದಿನ ಮಣ್ಣು ಮಾಡಿದರು.

ಮಂದಿ ಬಂದರು. ಗೌಂಡಿ ಬಂದವರಿಗೆಲ್ಲ ಹೇಳಲು ಹೋದ. ನಾನು ಅವಳಿಗೆ ಬಾಯಿ ಮುಚ್ಚು ಎಂದೆ, ಎಂದು ಶುರುಮಾಡುತ್ತಿದ್ದ. ಅಷ್ಟಕ್ಕೇ ಅವರು ಅವನ ಹೆಗಲ ಮೇಲೆ ಕೈ ಇಡುತ್ತಿದ್ದರು. ಹಂಗ ಅನಬ್ಯಾಡ, ನಿಂದೇನು ತಪ್ಪು, ದೇವರು ಕರಕೊಂಡ ಎನ್ನುತ್ತಿದ್ದರು. ಅವನ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಬೀಡಿ ಸೇದುತ್ತಾ ನಿಂತ ಮಾತಿನವರೆಗೆ ಅವನು ಒಮ್ಮೆಯೂ ತಲುಪಲಿಲ್ಲ.

ಹತ್ತು ದಿನ ಕಳೆದ ಮೇಲೆ ಪಾದ್ರಿಯ ಬಳಿ ಹೋದ. ಆ ಚರ್ಚಿನ ಸಭೆಯಲ್ಲಿ ಒಂದು ಹಳೆಯ ಪದ್ಧತಿ ಇತ್ತು. ದೊಡ್ಡ ತಪ್ಪು ಮಾಡಿದವನು ಭಾನುವಾರ ಎಲ್ಲರೆದುರು ಎದ್ದು ನಿಂತು ಅದನ್ನು ಹೇಳಬೇಕು. ಮೂರು ತಿಂಗಳು ಅವನಿಗೆ ಚರ್ಚಿನಲ್ಲಿ ಎಲ್ಲರಿಗೂ ಹಂಚುವ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡುವುದಿಲ್ಲ. ಆಮೇಲೆ ಮತ್ತೆ ಒಳಗೆ ಸೇರಿಸಿಕೊಳ್ಳುತ್ತಾರೆ. ಕುಡುಕರನ್ನೂ ಹೆಂಡತಿಯನ್ನು ಹೊಡೆದವರನ್ನೂ ಹಾಗೆ ನಿಲ್ಲಿಸುತ್ತಿದ್ದರು.

“ನನ್ನೂ ನಿಲ್ಲಸ್ರಿ. ನನ್ನೂ ಹೊರಗ ಇಡ್ರಿ,” ಎಂದ ಗೌಂಡಿ.

ಪಾದ್ರಿ ಚಿಕ್ಕವಯಸ್ಸಿನವನು. ಓದಿದವನು. ಮನಸ್ಸು ಒಳ್ಳೆಯದು. ಅವನ ಕಣ್ಣಲ್ಲಿ ನೀರು ಬಂತು.

“ನೀವು ಏನೂ ತಪ್ಪು ಮಾಡಿಲ್ಲ. ತಪ್ಪು ಇಲ್ಲದವರನ್ನ ನಾ ಹೆಂಗ ಹೊರಗ ಇಡ್ಲಿ?” ಎಂದ. ಅವನಿಗಾಗಿ ಪ್ರಾರ್ಥನೆ ಮಾಡಿ ಬಾಗಿಲವರೆಗೆ ಬಂದು ಕಳಿಸಿದ.

ಅಂದಿನಿಂದ ಗೌಂಡಿ ಚರ್ಚಿನ ಗೇಟು ದಾಟಲಿಲ್ಲ. ಭಾನುವಾರ ಬಂದು ಹೊರಗೆ ರಸ್ತೆಯ ಬದಿಯಲ್ಲಿ ನಿಲ್ಲುತ್ತಿದ್ದ. ಹಾಡು ಮುಗಿದ ಮೇಲೆ ಹೋಗುತ್ತಿದ್ದ. ಕೆಲಸ ಬಿಟ್ಟ. ಯಾರದೋ ಮನೆಯ ಗೋಡೆ ಅರ್ಧ ಎದ್ದು ನಿಂತಿತ್ತು. ಆ ಮನೆಯವನು ಬಂದು ಬಾಗಿಲು ಬಡಿದು ಹೋದ. ಊಟ ಬಿಟ್ಟ. ಪಕ್ಕದ ಮನೆಯವರು ತಂದಿಟ್ಟದ್ದು ಹಾಗೆಯೇ ಹಳಸುತ್ತಿತ್ತು. ಚಹಾ ಒಂದನ್ನು ಕುಡಿಯುತ್ತಿದ್ದ. ಬೆಲ್ಟಿಗೆ ಮೊಳೆಯಿಂದ ಹೊಸ ತೂತು ಮಾಡಿಕೊಂಡ, ಆಮೇಲೆ ಇನ್ನೊಂದು. ಈತ ಹೆಂಡತಿಯ ಹಿಂದೆಯೇ ಹೋಗುತ್ತಾನೆ ಎಂದು ಓಣಿಯವರಿಗೆ ತಿಳಿದಿತ್ತು. ಅವನಿಗೂ ತಿಳಿದಿತ್ತು.

ಒಂದು ತಿಂಗಳಾಯಿತು. ಒಂದು ದಿನ ಇಳಿಹೊತ್ತಿನಲ್ಲಿ ಹೆಂಡತಿಯ ಅಕ್ಕ ಬಂದಳು. ತಾಯಿ ಇಲ್ಲದ ತಂಗಿಯನ್ನು ಎತ್ತಿ ಬೆಳೆಸಿದವಳು ಅವಳೇ. ಮಣ್ಣು ಮಾಡುವ ದಿನ ಬಂದಿದ್ದಳು, ಆದರೆ ಅವನೊಡನೆ ಒಂದು ಮಾತೂ ಆಡದೆ ಹೋಗಿದ್ದಳು. ಗೌಂಡಿ ಅವಳಿಗೆ ಹೆದರುತ್ತಿದ್ದ. ಚಾಪೆ ಹಾಸಿ ತಾನು ಹೊಸ್ತಿಲ ಹತ್ತಿರ ಕೂತ.

“ಹೇಳು ತಮ್ಮಾ. ಅವತ್ತು ಏನಾತು, ಪೂರಾ ಹೇಳು. ನಾ ನಡುವ ಬಾಯಿ ಹಾಕಂಗಿಲ್ಲ,” ಎಂದಳು.

ಅವನು ಹೇಳಿದ. ಹುಡುಗರು ನಕ್ಕದ್ದು ಹೇಳಿದ. ಬಾಯಿ ಮುಚ್ಚು ಎಂದದ್ದು ಹೇಳಿದ. ಅವಳ ಕಡೆಯ ಮಾತು ಹೇಳಿದ. ಕರೆದರೆ ಬರಲಿಲ್ಲವೆಂದೂ, ಸಿಟ್ಟೆಂದು ತಾನು ಬಿಟ್ಟು ಹೋದೆನೆಂದೂ ಹೇಳಿದ. ಬೀಡಿಯ ಮಾತು ಬಂದಾಗ ನಿಲ್ಲಿಸಿದ. ಅವಳು ಸುಮ್ಮನೆ ಕಾದಳು. ಅವನು ಅದನ್ನೂ ಹೇಳಿದ.

“ಎದಿನೋವು ಬಂದಾಗ ಆಕಿ ನನ್ನ ಕರಿಯಾಕ ಹೋಗಿ, ನನ್ನ ಮಾತಿಗೆ ಸುಮ್ನ ಆದ್ಲೋ ಏನೋ ಅಕ್ಕಾ. ಅದು ನನಗ ಗೊತ್ತಾಗವಲ್ದು,” ಎಂದ.

“ಅದು ಯಾರಿಗೂ ಗೊತ್ತಾಗಂಗಿಲ್ಲ,” ಎಂದಳು. “ಆಕಿ ಸಾಯೋದು ನಿನ್ನ ಕೈಯಾಗ ಇರಲಿಲ್ಲ. ಡಾಕ್ಟರು ಅಂದದ್ದು ಖರೇನ ಇರಬೇಕು. ಆದ್ರ ನೀ ಹಂಗ ಅನ್ನಬಾರದಿತ್ತು. ಕರದ್ರ ಬರಲಿಲ್ಲ ಅಂದಮ್ಯಾಲೆ ಬಂದು ನೋಡಬೇಕಿತ್ತು. ನಾಕು ಹೆಜ್ಜಿ ಬರಬೇಕಿತ್ತು, ನೀ ಬರಲಿಲ್ಲ. ನನ್ನ ತಂಗಿ ಒಬ್ಬಾಕಿನ ಸತ್ಲು. ಅದು ನಿನ್ನ ತಪ್ಪು.”

ಗೌಂಡಿ ತಲೆ ಎತ್ತಿದ. ಒಂದು ತಿಂಗಳಲ್ಲಿ ಅವನು ಯಾರ ಮುಖವನ್ನೂ ಹಾಗೆ ನೋಡಿರಲಿಲ್ಲ.

“ಹೌದು,” ಎಂದ.

“ಹೂಂ,” ಎಂದಳು ಅವಳು.

ಅವನು ಅತ್ತ. ಅವಳು ಅವನ ಹೆಗಲ ಮೇಲೆ ಕೈ ಇಡಲಿಲ್ಲ. ಎದ್ದೂ ಹೋಗಲಿಲ್ಲ. ಅವನು ಅಳುವುದು ಮುಗಿಯುವವರೆಗೆ ಎದುರಿಗೇ ಕೂತಿದ್ದಳು.

“ನೀ ನನ್ನ ಕ್ಷಮಿಸ್ತಿಯೇನಕ್ಕಾ?” ಎಂದು ಕೇಳಿದ.

“ಇವತ್ತಂತೂ ಆಗಂಗಿಲ್ಲ. ಮುಂದಿಂದು ನನಗೂ ಗೊತ್ತಿಲ್ಲ. ಕಡೀ ಬಸ್ಸು ಹೋತು. ಇಲ್ಲೇ ಮಲಗತೇನಿ,” ಎಂದು ಅವಳು ಒಳಗೆ ಹೋಗಿ ತಂಗಿಯ ಹೊದಿಕೆ ಹುಡುಕಿ ತಂದುಕೊಂಡಳು.

ಮರುದಿನ ಬೆಳಿಗ್ಗೆ ಗೌಂಡಿ ಅವಳಿಗಿಂತ ಮೊದಲು ಎದ್ದ. ಒಲೆಯ ಮೇಲಿನ ಧೂಳು ಒರೆಸಿದ. ಡಬ್ಬಿ ತೆಗೆದು ನೋಡಿದ, ಜೋಳದ ನುಚ್ಚು ಇತ್ತು. ಹುಳ ಆರಿಸಿ ಚೆಲ್ಲಿ ನುಚ್ಚು ಕುದಿಸಿದ. ಎಷ್ಟು ಉಪ್ಪು ಹಾಕಬೇಕೆಂದು ಅವನಿಗೆ ತಿಳಿಯಲಿಲ್ಲ. ಎರಡು ಗಂಗಾಳಕ್ಕೆ ಹಾಕಿ ಒಂದನ್ನು ಅವಳ ಮುಂದಿಟ್ಟ. ಇನ್ನೊಂದನ್ನು ತಾನು ಮುಂದಿಟ್ಟುಕೊಂಡು ತಿಂದ.

ಹನೋಕಯ್ಯನವರು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ತುಸು ಹಗುರಾಯಿತು.

“ಅಂದರೆ, ಅವಳು ನಿಜ ಹೇಳಿದ್ದರಿಂದ ಅವನಿಗೆ ಸಮಾಧಾನ ಸಿಕ್ಕಿತು ಅನ್ನಿ,” ಎಂದ.

“ಇಲ್ಲಪ್ಪ, ಹಸಿವಾಯಿತು,” ಎಂದರು ಹನೋಕಯ್ಯನವರು.