ಕಾಲುವೆ ತಿರುವಿನ ದಾಖಲೆ

ಕಾಲುವೆ ಪಕ್ಕದ ರಸ್ತೆಯ ತಿರುವಿಗೆ ತಡೆಗೋಡೆ ಇರಲಿಲ್ಲ. ಸ್ಕೂಟರು, ಎತ್ತಿನಗಾಡಿ, ಕೊನೆಗೆ ಮದುವೆ ದಿಬ್ಬಣದ ವ್ಯಾನೂ ನೀರಿಗೆ ಬಿದ್ದಾಗಿತ್ತು. ಪಂಚಾಯ್ತಿಯಲ್ಲಿ ದುಡ್ಡಿರಲಿಲ್ಲ. ಗುಮಾಸ್ತೆ ಕೆಂಪಾಜಮ್ಮ ಮಂಡಿನೋವು ಇಟ್ಟುಕೊಂಡೇ ಆರು ವರ್ಷದಿಂದ ರಾಜ್ಯ ರಸ್ತೆಗಳ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಳು. ಎಂಜಿನಿಯರ್ ಸಾಹೇಬರದು ಪ್ರತಿಸಲವೂ ಒಂದೇ ಮಾತು.

“ಅದು ನಿಮ್ಮೂರ ರಸ್ತೆ ಕಣಮ್ಮ. ನಮ್ಮದು ಅನ್ನೋದಕ್ಕೆ ದಾಖಲೆ ತಗೊಂಡು ಬಾ, ಆಮೇಲೆ ಅನುದಾನದ ಮಾತು.”

ಏಳನೇ ವರ್ಷ ಅವಳು ಅರ್ಜಿ ಹಾಕಲಿಲ್ಲ. ಎರಡೇ ಸಾಲಿನ ಪತ್ರ ಕಳಿಸಿದಳು: “ಸೋಮವಾರ ಊರಿನವರೇ ರಸ್ತೆಯ ಅಂಚು ಅಗೆದು ಗೋಡೆ ಕಟ್ಟುತ್ತೇವೆ. ತಮ್ಮ ಗಮನಕ್ಕೆ.”

ಆರು ವರ್ಷ ಬಾರದ ಲಿಖಿತ ಉತ್ತರ ಮರುದಿನವೇ ಜೀಪಿನಲ್ಲಿ ಬಂತು. ಆ ರಸ್ತೆ ತಮ್ಮ ಕಚೇರಿಯ ಸ್ವತ್ತು, ಅಪ್ಪಣೆಯಿಲ್ಲದೆ ಒಂದು ಗುದ್ದಲಿ ಬಿದ್ದರೂ ಕೇಸು ಎಂದಿತ್ತು. ಕೆಳಗೆ ಸಾಹೇಬರ ಸಹಿ, ಮೊಹರು.

ಕೆಂಪಾಜಮ್ಮ ಮತ್ತೆ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಅದನ್ನೇ ಮೇಜಿನ ಮೇಲಿಟ್ಟಳು. “ದಾಖಲೆ ತಂದಿದೀನಿ ಸಾರ್.”

ಸಾಹೇಬರು ತಮ್ಮ ಸಹಿಯನ್ನೇ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಕೊನೆಗೆ ಅಂದಾಜುಪಟ್ಟಿಯ ಫಾರಂ ಎಳೆದುಕೊಂಡು ಗೊಣಗಿದರು: “ಇದನ್ನ ಮೊದಲೇ ತರೋಕೇನಾಗಿತ್ತು?”

“ನೀವು ಬರೆದದ್ದೇ ಮೊನ್ನೆ ಸಾರ್,” ಎಂದು ಅವಳು ಮಂಡಿ ನೀವಿಕೊಂಡಳು.