ಬೋರಲು ಬಿದ್ದ ಹರಿಗೋಲು

“ಗುರುಗಳೇ, ಮಾರಲು ಇನ್ನೂ ಏನಾದರೂ ಉಳಿದಿರುವವರಿಗೆ ಆಪತ್ತಿನ ನೆರವು ಕೊಡಬಹುದೇ?”

ಕೇಳಿದವನು ಶಿಷ್ಯ. ಮಠದ ಆಪದ್ಧನದ ಪೆಟ್ಟಿಗೆಯ ಬೀಗದ ಕೈ ಅವನ ಬಳಿ ಇತ್ತು.

“ಬೆಳಿಗ್ಗೆ ಒಬ್ಬ ಹೆಂಗಸು ಬಂದಿದ್ದಳು. ಗಂಡ ಮರದಿಂದ ಬಿದ್ದು ಮಲಗಿದ್ದಾನೆ, ಎರಡು ತಿಂಗಳು ದಾಟಲು ನೆರವು ಕೊಡಿ ಎಂದಳು. ಮನೆಯಲ್ಲಿ ಹೊಲಿಗೆ ಯಂತ್ರ ಇದೆಯಂತೆ. ಮೊದಲು ಅದನ್ನು ಮಾರು, ಆಮೇಲೆ ಬಾ ಎಂದೆ.”

ಗುರುಗಳು ಕತೆ ಹೇಳಿದರು.

ಒಂದು ಹೊಳೆ. ಅದರ ದಡದಲ್ಲಿ ಒಬ್ಬ ಅಂಬಿಗ. ಅಂದಂದು ಜನರನ್ನು ದಾಟಿಸಿ ಗಳಿಸಿದ್ದು ಅಂದಂದಿನ ಊಟಕ್ಕೆ ಸರಿಹೋಗುತ್ತಿತ್ತು. ಒಂದು ವರ್ಷ ಹೊಳೆ ಉಕ್ಕಿತು. ಬಹಳ ದಿನ ಇಳಿಯಲೇ ಇಲ್ಲ. ಅಂಬಿಗ ಹರಿಗೋಲನ್ನು ಬಾಗಿಲ ಮುಂದೆ ಬೋರಲು ಹಾಕಿ ಕೂತ. ಒಲೆ ಹೊತ್ತದೆ ಎರಡು ದಿನವಾದಾಗ ಎದ್ದು ವರ್ತಕನ ಮನೆಗೆ ಹೋದ.

ವರ್ತಕ ಕೆಟ್ಟವನಲ್ಲ. ಕಷ್ಟಕ್ಕೆ ಸಿಕ್ಕವರಿಗೆಂದೇ ಒಂದು ಕಣಜ ಇಟ್ಟಿದ್ದ. ಮೋಸ ನಡೆಯಬಾರದೆಂದು ತಾನೇ ಮನೆ ನೋಡಿ ಕೊಡುತ್ತಿದ್ದ. ಅಂಬಿಗನ ಮನೆಗೂ ಬಂದ. ಒಳಗೆ ಖಾಲಿ ಗಡಿಗೆಗಳು. ಹೊರಗೆ ಬಂದು ಹರಿಗೋಲಿಗೆ ಕೋಲಿನಿಂದ ಬಡಿದ.

“ಇಷ್ಟು ಗಟ್ಟಿಯಾದದ್ದನ್ನು ಬಾಗಿಲಲ್ಲಿ ಇಟ್ಟುಕೊಂಡು ಕೈಚಾಚುತ್ತೀಯಲ್ಲೋ! ನನ್ನ ಕಣಜ ಏನೂ ಇಲ್ಲದವರಿಗೆ.”

“ಹೊಳೆ ಇಳಿಯುವ ತನಕ ಮಾತ್ರ, ಧಣಿ. ಆಮೇಲೆ ಬದುಕಿರುವವರೆಗೂ ನಿಮ್ಮನ್ನು ಬಿಟ್ಟಿ ದಾಟಿಸುತ್ತೇನೆ.”

“ಇದನ್ನು ಮಾರಿ ಬಾ.”

ಅಂಬಿಗ ಹರಿಗೋಲು ಕಟ್ಟಿ ಹೊರಲು ಹಗ್ಗ ಹುಡುಕತೊಡಗಿದ. “ಕಾಲು ಕಡಿದು ಕೊಟ್ಟು ಕೆರ ತರುವವನೇ!” ಎಂದು ಹೆಂಡತಿ ಬೈದಳು. ಮೂಲೆಯಲ್ಲಿ ಮಗಳು ಹುಣಿಸೆ ಬೀಜ ಅಗಿಯುತ್ತಿದ್ದಳು. ಆ ಸದ್ದು ಕೇಳಿ ಹೆಂಡತಿ ಹರಿಗೋಲಿನ ಬಳಿ ಬಂದಳು. ತಾನೇ ಒಂದು ಕಡೆ ಹಿಡಿದು ಎತ್ತಿಕೊಟ್ಟಳು.

ನೆರೆಯಲ್ಲಿ ಹರಿಗೋಲು ಕೊಳ್ಳುವವರು ಯಾರು? ಕೊನೆಗೆ ಒಬ್ಬ ರೈತ ಕೋಳಿಗೂಡಿಗೆ ಆದೀತೆಂದು ಕೊಂಡ. ಕೋಳಿ ಒಳಹೊಕ್ಕು ಬರಲೆಂದು ಪಕ್ಕಕ್ಕೆ ಬಾಗಿಲು ಕೊಯ್ದ. ಅಂಬಿಗ ನೋಡುತ್ತ ನಿಂತಿದ್ದ. ರೈತ ಕೊಟ್ಟದ್ದು ನಾಲ್ಕು ದಿನಕ್ಕೆ ಮುಗಿಯಿತು. ಐದನೆಯ ದಿನ ಅಂಬಿಗ ಕಣಜದ ಮುಂದೆ ನಿಂತ. ವರ್ತಕ ಮಾತಿಗೆ ತಪ್ಪಲಿಲ್ಲ. ರಾಗಿ ಕೊಟ್ಟ.

ಹೊಳೆ ಇಳಿಯಿತು. ಆಚೆ ದಡದಲ್ಲಿ ಜನ ಸೇರಿದರು.

“ಅಂಬಿಗಣ್ಣಾ! ಇದ್ದೀಯೋ, ಮೀನಿನ ಪಾಲಾದೆಯೋ?”

ಅಂಬಿಗ ಕಣಜದ ಮುಂದಿನ ಸಾಲಿನಲ್ಲಿ ಕೂತಿದ್ದ. ಕೂಗು ಕಿವಿಗೆ ಬಿತ್ತು. ಅಭ್ಯಾಸಬಲದಿಂದ ಎದ್ದ. ನಾಲ್ಕು ಹೆಜ್ಜೆ ನಡೆದ. ಮತ್ತೆ ಬಂದು, ಸರದಿ ತಪ್ಪೀತೆಂದು ಬೇಗ ಕೂತ.

ವರ್ತಕ ಪಕ್ಕದವರಿಗೆ ಹೇಳಿದ: “ಪಾಪ, ಇವನಿಗೆ ನಿಜವಾಗಿಯೂ ಏನೂ ಇಲ್ಲ.” ಅಳತೆಗಿಂತ ಒಂದು ಹಿಡಿ ಹೆಚ್ಚೇ ಹಾಕಿದ. ಅಂಬಿಗ ಸಾಯುವವರೆಗೂ ಹಾಕಿದ.

ಗುರುಗಳು ನಿಲ್ಲಿಸಿದರು. ಶಿಷ್ಯ ಕತೆಯ ಸಾರಕ್ಕಾಗಿ ಕಾದ.

“ಆ ಹೆಂಗಸು ಹೋಗಿ ಎಷ್ಟು ಹೊತ್ತಾಯಿತು?” ಎಂದರು ಗುರುಗಳು.