ಎರವಲು ಕೊಟ್ಟ ಆಟಗಾರ

“ಅಜ್ಜಾರ, ಮನುಷ್ಯ ತನ್ನವರ ಕಡೆ ನಿಲ್ಲಬೇಕೋ, ಬ್ಯಾಡೋ?” ಎಂದು ಚನ್ನವೀರ ಕೇಳಿದ.

ಮಠದ ಹಿರಿಯ ಸ್ವಾಮಿಗಳನ್ನು ಸುತ್ತಲಿನ ಊರವರೆಲ್ಲ ಅಜ್ಜನವರು ಎಂದೇ ಕರೆಯುತ್ತಿದ್ದರು. ಕೇಳಿದ ಪ್ರಶ್ನೆಗೆ ಅವರು ನೇರವಾಗಿ ಉತ್ತರ ಕೊಟ್ಟದ್ದನ್ನು ಕಂಡವರು ಕಡಿಮೆ. “ಯಾರು ನಿನ್ನವರು?” ಎಂದರು.

ಚನ್ನವೀರ ವಿಷಯ ಹೇಳಿದ. ಊರಿನಲ್ಲಿ ಅವನ ಅಣ್ಣನಿಗೂ ಪಕ್ಕದ ಹೊಲದವನಿಗೂ ಒಂದು ಬಾವಿಯ ವ್ಯಾಜ್ಯ. ಬಾವಿ ಇರುವುದು ಎರಡು ಹೊಲಗಳ ನಡುವಿನ ಬದುವಿನಲ್ಲಿ. ನೀರು ತನಗೊಬ್ಬನಿಗೇ ಸೇರಬೇಕೆಂದು ಅಣ್ಣನ ಹಟ. ತನಗೂ ಪಾಲಿದೆ ಎಂದು ಪಕ್ಕದವನ ವಾದ. ಹಿರಿಯರು ಕೂಡಿ ಮಾತಾಡಿದರೂ ಬಗೆಹರಿಯಲಿಲ್ಲ. ಕೊನೆಗೆ ಪಕ್ಕದವನೇ ಎದ್ದುನಿಂತು, ಇವನ ತಮ್ಮ ಮಠದಲ್ಲಿದ್ದಾನೆ, ಅವನು ಬಂದು ಹೇಳಲಿ, ಅವನು ಏನು ಹೇಳಿದರೂ ನನಗೆ ಒಪ್ಪಿಗೆ ಎಂದುಬಿಟ್ಟಿದ್ದ. ಅಣ್ಣ ಅದೇ ಸಂಜೆ ಹೇಳಿಕಳಿಸಿದ್ದ: ತಾಯಿ ತಂದೆ ಇಲ್ಲದವನನ್ನು ಸಾಕಿ ಬೆಳೆಸಿದವನು ನಾನು, ಉಂಡ ಮನೆಯ ಗಳ ಎಣಿಸಬೇಡ. ಮರುದಿನ ಚನ್ನವೀರ ಊರಿಗೆ ಹೋಗಿ ಎಲ್ಲರೆದುರು ತೀರ್ಪು ಹೇಳಬೇಕಾಗಿತ್ತು. ಅವನಿಗೆ ಅನ್ನ ಸೇರುತ್ತಿರಲಿಲ್ಲ.

ಅಜ್ಜನವರು ಎಲ್ಲವನ್ನೂ ಕೇಳಿ, “ಕೂಡು. ಒಂದು ಕಾಲ್ಚೆಂಡಿನ ಕತಿ ಹೇಳ್ತೀನಿ” ಎಂದರು.

ಮನೆ ಎರಡಾಗುವ ಹೊತ್ತಿನಲ್ಲಿ ಕಾಲ್ಚೆಂಡೇ ಎಂದು ಚನ್ನವೀರನಿಗೆ ಅನ್ನಿಸಿತು. ಆದರೂ ಕುಳಿತ. ಅಜ್ಜನವರು ಹೇಳತೊಡಗಿದರು.

ಘಟ್ಟದ ಮೇಲಿನ ಊರೊಂದರಲ್ಲಿ ಒಂದು ಕಾಲೇಜು ಇತ್ತು. ಆ ಕಾಲಕ್ಕೆ ಈ ಸೀಮೆಯಲ್ಲಿ ಕಾಲೇಜುಗಳೇ ಅಪರೂಪ, ಕಾಲ್ಚೆಂಡು ಇನ್ನೂ ಅಪರೂಪ. ಯಾರೋ ಒಬ್ಬ ಇಂಗ್ಲಿಷ್ ಪ್ರೊಫೆಸರು ಹುಡುಗರಿಗೆ ಅದರ ಹುಚ್ಚು ಹಿಡಿಸಿ ತಾನು ವಿಲಾಯತಿಗೆ ಹೊರಟುಹೋಗಿದ್ದ. ಹುಚ್ಚು ಉಳಿಯಿತು. ಹುಡುಗರು ಧೋತರದ ಕಚ್ಚೆ ಬಿಗಿದು ಬರಿಗಾಲಿನಲ್ಲಿ ಆಡುತ್ತಿದ್ದರು. ಮಳೆಗಾಲ ಮುಗಿದು ನೆಲ ಗಟ್ಟಿಯಾದ ಮೇಲೆ ಪಂದ್ಯಗಳು ಶುರುವಾಗಿ, ಪರೀಕ್ಷೆಗೆ ಮುಂಚೆ ಮುಗಿಯುತ್ತಿದ್ದವು. ಕೊನೆಯ ಪಂದ್ಯ ಪ್ರತಿವರ್ಷವೂ ಕರಾವಳಿಯ ಕಾಲೇಜಿನ ಮೇಲೆ. ಅದನ್ನು ಗೆದ್ದವರಿಗೆ ಒಂದು ಬೆಳ್ಳಿಯ ಷೀಲ್ಡು. ಆ ಷೀಲ್ಡು ಒಮ್ಮೆಯೂ ಘಟ್ಟದ ಮೇಲೆ ಉಳಿದಿರಲಿಲ್ಲ.

ಉಳಿಯದಿರಲು ಕಾರಣ ಒಬ್ಬನೇ ಒಬ್ಬ, ಕರಾವಳಿಯ ತಂಡದ ಸಲ್ದಾನ. ಮೈದಾನದ ಎಡ ಅಂಚು ಹಿಡಿದು ಅವನು ಚೆಂಡಿನೊಡನೆ ಓಡಿದನೆಂದರೆ ತಡೆಯುವವರಿಲ್ಲ. ಹಿಂದಿನ ವರ್ಷ ಅವನು ಹೊಡೆದ ಗೋಲುಗಳನ್ನು ನೆನೆದರೆ ಕಾಲೇಜಿನವರಿಗೆ ಇನ್ನೂ ಮುಖ ಕೆಂಪಾಗುತ್ತಿತ್ತು. ಹೊಸದಾಗಿ ಕ್ಯಾಪ್ಟನ್ ಆದವನು ಬುದ್ಧಿವಂತ. ಅವನು ಒಂದು ಉಪಾಯ ಹೂಡಿದ. ತಂಡದ ಹನ್ನೊಂದು ಮಂದಿಯಲ್ಲಿ ಸೇರದೆ ಹೊರಗುಳಿದಿದ್ದ ಅಡಿವೆಪ್ಪ ಎಂಬ ಹುಡುಗನನ್ನು ಕರೆದು, ಇವತ್ತಿನಿಂದ ನೀನೇ ಸಲ್ದಾನ ಎಂದ. ದಿನಾ ಸಂಜೆ ಅವನು ಸಲ್ದಾನನಂತೆ ಎಡ ಅಂಚಿನಲ್ಲಿ ನುಗ್ಗಬೇಕು, ತಂಡದವರು ಅವನನ್ನು ತಡೆಯಲು ಕಲಿಯಬೇಕು.

ಅಡಿವೆಪ್ಪನಿಗೆ ಇದ್ದ ಆಸೆ ಒಂದೇ. ಕಾಲೇಜಿನ ನೀಲಿ ಅಂಗಿ ತೊಟ್ಟು ಒಂದು ಪಂದ್ಯ ಆಡಬೇಕು. ಹೀಗಾದರೂ ಇವರ ಕಣ್ಣಿಗೆ ಬಿದ್ದೇನು ಎಂದು ಅವನು ಒಪ್ಪಿದ. ಒಪ್ಪಿದ ಮೇಲೆ ಮೈಗಳ್ಳತನ ಮಾಡಲಿಲ್ಲ. ಸಲ್ದಾನನ ಆಟವನ್ನು ಅವನು ಕಂಡದ್ದು ಹಿಂದಿನ ವರ್ಷ, ಅದೂ ಜನರ ಗುಂಪಿನಲ್ಲಿ ನಿಂತು ಕತ್ತು ಚಾಚಿ. ಆ ನೆನಪು ಎಷ್ಟು ದಿನ ಬಂದೀತು? ಮೊದಲ ಕೆಲವು ದಿನ ಬಂತು. ಆಮೇಲಿನ ಆಟವೆಲ್ಲ ಅವನದೇ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಅದರ ತಮಾಷೆಯನ್ನು ಆ ಮೈದಾನದಲ್ಲಿ ನೋಡಬೇಕಿತ್ತು. ಅಡಿವೆಪ್ಪ ಇಬ್ಬರು ಮೂವರನ್ನು ದಾಟಿ ಗೋಲು ಹೊಡೆಯುತ್ತಿದ್ದ. ತಂಡದವರು ಸೊಂಟದ ಮೇಲೆ ಕೈಯಿಟ್ಟು ನಿಂತು, ಅಬ್ಬಾ, ಈ ಸಲ್ದಾನ ಎಂಥಾ ಆಟಗಾರನಪ್ಪಾ ಎಂದು ಬೆರಗಾಗುತ್ತಿದ್ದರು. ಸಲ್ದಾನ ಆ ಹೊತ್ತಿಗೆ ಘಟ್ಟದ ಕೆಳಗೆ ತನ್ನ ಮನೆಯಲ್ಲಿ ಹಾಯಾಗಿ ಇರುತ್ತಿದ್ದ. ಅಡಿವೆಪ್ಪ ದಣಿದು ಕೊಂಚ ಸಡಿಲ ಬಿಟ್ಟರೆ ಬೈಗುಳ ಬೀಳುತ್ತಿತ್ತು. ಕರುಣೆ ತೋರಿಸಬೇಡ, ಸಲ್ದಾನ ತೋರಿಸುತ್ತಾನೆಯೇ ಎಂದು ಕ್ಯಾಪ್ಟನ್ ಕೂಗುತ್ತಿದ್ದ. ಮೈದಾನದಲ್ಲಿ, ಬೋರ್ಡಿಂಗಿನಲ್ಲಿ, ಊಟದ ಪಂಕ್ತಿಯಲ್ಲಿ ಅವನ ಹೆಸರು ಸಲ್ದಾನ ಎಂದೇ ಆಯಿತು. ಅಡಿವೆಪ್ಪನಿಗೆ ಮೊದಮೊದಲು ನಗು ಬಂತು. ಬರಬರುತ್ತ ನೋವಾಯಿತು.

ತಾಲೀಮು ಮಾತ್ರ ಫಲ ಕೊಟ್ಟಿತು. ಆ ವರ್ಷ ಕಾಲೇಜು ಪಲ್ಟಣದ ಸಿಪಾಯಿಗಳ ಮೇಲೆ ಗೆದ್ದಿತು, ರೈಲಿನ ಕೆಲಸಗಾರರ ಮೇಲೆ ಗೆದ್ದಿತು, ಹತ್ತಿರದ ಊರುಗಳಿಂದ ಬಂದ ತಂಡಗಳ ಮೇಲೆಲ್ಲ ಗೆದ್ದಿತು. ದಿನಾ ಅಡಿವೆಪ್ಪನ ಬೆನ್ನು ಹತ್ತಿ ಓಡಿದವರಿಗೆ ಉಳಿದವರು ಯಾವ ಲೆಕ್ಕ? ಗೆದ್ದಾಗಲೆಲ್ಲ ಊರವರು ಹನ್ನೊಂದು ಮಂದಿಗೂ ಹಾರ ಹಾಕಿ ಪೇಟೆಯ ಬೀದಿಯಲ್ಲಿ ಮೆರೆಸಿದರು. ಅಡಿವೆಪ್ಪ ಅವರ ಬೆವರಿದ ಅಂಗಿಗಳ ಗಂಟು ಹೊತ್ತು ಹಿಂದೆ ಬರುತ್ತಿದ್ದ. ಅವನಿಗೂ ಸಂತೋಷವಾಗುತ್ತಿತ್ತು. ಅದು ಸುಳ್ಳಲ್ಲ.

ಕೊನೆಯ ಪಂದ್ಯದ ದಿನ ಬಂತು. ಕರಾವಳಿಯವರು ಎತ್ತಿನ ಗಾಡಿಗಳಲ್ಲಿ ಘಟ್ಟ ಹತ್ತಿ ಬಂದಿಳಿದರು. ಒಂದು ಗಾಡಿಯಿಂದ ಮಾತ್ರ ಯಾರೂ ಇಳಿಯಲಿಲ್ಲ. ಅದರೊಳಗೆ ಸಲ್ದಾನ ಕಂಬಳಿ ಹೊದ್ದು ಚಳಿಜ್ವರದಿಂದ ನಡುಗುತ್ತ ಮಲಗಿದ್ದ. ಕಾಲೇಜಿನವರು ಬಾಯಲ್ಲಿ ಅಯ್ಯೋ ಪಾಪ ಎಂದರು. ಒಳಗೊಳಗೆ ಅವರಿಗೆ ಹಾಲು ಕುಡಿದಷ್ಟು ಸಂತೋಷ.

ಆಗಿನ ಆಟಗಾರರಲ್ಲಿ ಒಂದು ಪದ್ಧತಿ ಇತ್ತು. ಬಂದ ತಂಡಕ್ಕೆ ಒಬ್ಬ ಕಡಿಮೆ ಬಿದ್ದರೆ, ಕರೆಸಿದವರು ತಮ್ಮಲ್ಲಿಂದ ಒಬ್ಬನನ್ನು ಎರವಲು ಕೊಡಬೇಕು. ಹತ್ತು ಮಂದಿಯ ಮೇಲೆ ಗೆದ್ದರೆ ಅದನ್ನು ಯಾರೂ ಗೆಲುವೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕರಾವಳಿಯ ಕ್ಯಾಪ್ಟನ್ ಬಂದು ಕೈಮುಗಿದು ಕೇಳಿದ. ಕಾಲೇಜಿನ ಕ್ಯಾಪ್ಟನ್ ಸುತ್ತ ನೋಡಿದ. ತನ್ನ ಹನ್ನೊಂದು ಮಂದಿಯಲ್ಲಿ ಒಬ್ಬನನ್ನೂ ಬಿಟ್ಟುಕೊಡಲು ಮನಸ್ಸಿಲ್ಲ. ಅಂಗಿಗಳ ಗಂಟಿನ ಪಕ್ಕ ಅಡಿವೆಪ್ಪ ಕುಳಿತಿದ್ದ. ಅವನನ್ನು ಕೊಟ್ಟ. ವರ್ಷವಿಡೀ ಯಾರನ್ನು ತಡೆಯಲು ಒದ್ದಾಡಿದರೋ ಅವನನ್ನೇ ಕೈಯಾರೆ ಎದುರಿನವರಿಗೆ ದಾಟಿಸುತ್ತಿದ್ದೇವೆ ಎಂಬುದು ಆ ಬುದ್ಧಿವಂತನಿಗೆ ಹೊಳೆಯಲೇ ಇಲ್ಲ. ಅವನ ಮಟ್ಟಿಗೆ ಸಲ್ದಾನ ಗಾಡಿಯಲ್ಲಿ ಮಲಗಿದ್ದ.

ಆದರೂ ಇರಲಿ ಎಂದು ಅಡಿವೆಪ್ಪನ ಹೆಗಲ ಮೇಲೆ ಕೈ ಹಾಕಿ ದೂರ ಕರೆದೊಯ್ದ. “ತಮ್ಮಾ, ನೀ ಅಂಚಿನ್ಯಾಗ ಸುಮ್ಮ ನಿಂದ್ರು. ಚೆಂಡು ಬಂದ್ರ ಹೊರಗ ಒದ್ದುಬಿಡು. ಬರೋ ವರ್ಷ ನೀಲಿ ಅಂಗಿ ನಿನಗ. ಇದು ನನ್ನ ಮಾತು” ಎಂದ.

ಅಡಿವೆಪ್ಪ ಕರಾವಳಿಯವರ ಬಿಳಿ ಅಂಗಿ ತೊಟ್ಟು ಒಳಗೆ ಹೋದ. ಸುಮ್ಮನೆ ನಿಂತ. ಚೆಂಡು ಬಂದಾಗಲೆಲ್ಲ ಗೆರೆಯ ಆಚೆ ಒದ್ದ. ಆಡಲು ಬಾರದವನಂತೆ ಆಡುವುದು ಎಷ್ಟು ಕಷ್ಟವೆಂದು ಅವನಿಗೆ ಅಂದು ತಿಳಿಯಿತು. ಕರಾವಳಿಯ ಹತ್ತು ಮಂದಿ ಜೀವದ ಹಂಗು ತೊರೆದು ಆಡಿ ಗೋಲು ಬೀಳದಂತೆ ತಡೆದರು. ಮಧ್ಯಂತರದ ಸೀಟಿ ಊದಿದಾಗ ಎರಡೂ ಕಡೆ ಗೋಲು ಇರಲಿಲ್ಲ.

ಕರಾವಳಿಯವರು ಗಾಡಿಯಲ್ಲಿ ತಂದಿದ್ದ ಎಳನೀರು ಕೆತ್ತಿ ಹಂಚಿಕೊಂಡರು. ಅವರ ಕ್ಯಾಪ್ಟನ್ ಮೊದಲ ಎಳನೀರನ್ನು ಅಡಿವೆಪ್ಪನ ಕೈಗೆ ಕೊಟ್ಟ. “ನಿಮಗೆ ಕಾಲು ನೋವುಂಟಾ? ಉಂಟಾದರೆ ಕೂತುಕೊಳ್ಳಿ ಮಾರಾಯ್ರೇ, ನಾವು ಹೇಗಾದರೂ ಸುಧಾರಿಸುತ್ತೇವೆ. ಗುರುತಿಲ್ಲದವರ ಜೊತೆ ಆಡಲಿಕ್ಕೆ ಬಂದಿರಲ್ಲ, ಅದೇ ದೊಡ್ಡ ಉಪಕಾರ” ಎಂದ.

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅಡಿವೆಪ್ಪನಿಗೆ ಸುಲಭವಾಗುತ್ತಿತ್ತು. ತಮ್ಮ ಅಂಗಿ ತೊಟ್ಟವನು ಬೇಕೆಂದೇ ನಿಂತಿರಬಹುದು ಎಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ. ಕಾಲು ನೋವಿರಬೇಕು ಎಂದುಕೊಂಡಿದ್ದರು. ಅಡಿವೆಪ್ಪ ಎಳನೀರನ್ನು ಪಕ್ಕದವನ ಕೈಗೆ ದಾಟಿಸಿದ. ಅವನು ಮೈದಾನದ ಆ ಬದಿಗೆ ನೋಡಿದ. ಅಲ್ಲಿ ನೀಲಿ ಅಂಗಿಯವರು ದುಂಡಗೆ ಕುಳಿತು ನಗುತ್ತಿದ್ದರು. ಆ ದುಂಡಿನಲ್ಲಿ ಕುಳಿತುಕೊಳ್ಳಬೇಕೆಂದು ಅವನ ಜೀವ ಎಷ್ಟು ಬಯಸಿತ್ತು! ಈಗ ಬರಿದೇ ನಿಂತಿದ್ದರೆ ಸಾಕು, ಅದು ಸಿಗುತ್ತಿತ್ತು.

“ಕಾಲಿಗೆ ಏನೂ ಆಗಿಲ್ಲರಿ” ಎಂದು ಅಡಿವೆಪ್ಪ ಎದ್ದ.

ಆಮೇಲಿನ ಆಟವನ್ನು ಕಂಡವರು ಬಹಳ ವರ್ಷ ಅದನ್ನೇ ಹೇಳಿಕೊಂಡು ತಿರುಗಿದರು. ಅಡಿವೆಪ್ಪ ಎಡ ಅಂಚು ಹಿಡಿದು ಒಮ್ಮೆ ನುಗ್ಗಿದ, ತಡೆದರು. ಮತ್ತೊಮ್ಮೆ ನುಗ್ಗಿದ, ಗೋಲಿನವನು ಮೈಚೆಲ್ಲಿ ಹಿಡಿದ. ಕಾಲೇಜಿನ ಕ್ಯಾಪ್ಟನ್ನಿನ ಮುಖ ಸಣ್ಣಗಾಯಿತು. ಹೊತ್ತು ಇಳಿಯುತ್ತ ಬಂತು. ಆಟ ಮುಗಿಯಲು ಇನ್ನೇನು ಸ್ವಲ್ಪವೇ ಉಳಿದಿದೆ ಎನ್ನುವಾಗ ಚೆಂಡು ಮತ್ತೆ ಅವನ ಕಾಲಿಗೆ ಬಂತು. ಎದುರಿಗೆ ದಿನಾ ಸಂಜೆ ಅವನನ್ನು ತಡೆಯುತ್ತಿದ್ದ ಗೆಳೆಯನೇ ನಿಂತಿದ್ದ. ಆ ಗೆಳೆಯ ಗಾಬರಿಯಾದಾಗ ಬಲಕ್ಕೆ ವಾಲುತ್ತಾನೆ. ದಿನವೂ ಎದುರು ಆಡಿದವನಿಗೆ ಇದು ತಿಳಿಯದೆ ಇರುತ್ತದೆಯೇ? ಅಂದೂ ವಾಲಿದ. ವಾಲಿದವನಿಗೆ ತಾನು ಕೆಟ್ಟೆನೆಂದು ತಿಳಿದು, “ಅಡಿವ್ಯಾ!” ಎಂದು ಕೂಗಿಕೊಂಡ.

ಆ ವರ್ಷ ಅವರು ಅವನನ್ನು ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅಡಿವೆಪ್ಪನಿಗೆ ಅದು ಕೇಳಿಸಿತು. ಕಾಲು ಮಾತ್ರ ನಿಲ್ಲಲಿಲ್ಲ. ಚೆಂಡು ಗೋಲಿನೊಳಗೆ ಹೋಯಿತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಷೀಲ್ಡು ಮತ್ತೆ ಗಾಡಿ ಹತ್ತಿ ಘಟ್ಟ ಇಳಿಯಿತು. ಕರಾವಳಿಯವರು ಅಡಿವೆಪ್ಪನನ್ನು ಹೆಗಲ ಮೇಲೆ ಎತ್ತಲು ಬಂದರು. ಅವನು ಬೇಡವೆಂದು ಬಿಳಿ ಅಂಗಿ ಕಳಚಿ, ಮಡಿಸಿ, ಅವರ ಕ್ಯಾಪ್ಟನ್ನಿನ ಕೈಗೆ ಕೊಟ್ಟ. ನೀಲಿ ಅಂಗಿಯವರು ಅವನ ಕಡೆ ನೋಡದೆ ಹೊರಟುಹೋದರು. ಈ ಸಲ ಗಂಟು ಹೊರಲು ಯಾರೂ ಅವನನ್ನು ಕರೆಯಲಿಲ್ಲ. ಮೈದಾನ ಖಾಲಿಯಾದ ಮೇಲೆ ಅಡಿವೆಪ್ಪ ಅತ್ತ. ಗೆದ್ದುದಕ್ಕಲ್ಲ, ಸೋತುದಕ್ಕಲ್ಲ. ಇನ್ನು ಸಿಗದ ಆ ನೀಲಿ ಅಂಗಿಗಾಗಿ ಅತ್ತ.

ಬೋರ್ಡಿಂಗಿನಲ್ಲಿ ಊಟದ ಗಂಟೆ ಹೊಡೆಯಿತು. ಅವನು ಮುಖ ತೊಳೆದು, ಊಟದ ಮನೆಯ ಬಾಗಿಲಿಗೆ ಹೋಗಿ ನಿಂತ. ಒಳಗೆ ಎಲ್ಲರೂ ಪಂಕ್ತಿಯಲ್ಲಿ ಕುಳಿತಿದ್ದರು. ಅವನನ್ನು ಕಂಡು ಮಾತು ನಿಂತಿತು.

ಅಜ್ಜನವರು ಅಲ್ಲಿಗೆ ಕತೆ ನಿಲ್ಲಿಸಿ, ಪಕ್ಕದಲ್ಲಿದ್ದ ತಂಬಿಗೆ ಎತ್ತಿ ನೀರು ಕುಡಿದರು. ಇನ್ನೂ ಇದೆ ಎಂದು ಚನ್ನವೀರ ಕಾದ. ಅವರು ತಂಬಿಗೆಯನ್ನು ಕೆಳಗಿಟ್ಟು ಬಾಯಿ ಒರೆಸಿಕೊಂಡರು. ಅವನಿಗೆ ತಡೆಯಲಾಗಲಿಲ್ಲ.

“ಆಮ್ಯಾಲ ಏನಾತು, ಅಜ್ಜಾರ? ಪಂಕ್ತಿಯೊಳಗ ಅವಗ ಜಾಗಾ ಕೊಟ್ರೋ, ಇಲ್ಲೋ?” ಎಂದು ಕೇಳಿದ. 

ಅಜ್ಜನವರು ಅವನನ್ನು ಮರುಕದಿಂದ ನೋಡಿದರು.

“ಬಾವಿ ನೀರು ಯಾರಿಗೆ ಸೇರಬೇಕು ಅಂತ ನೀ ನನ್ನ ಒಮ್ಮೆನೂ ಕೇಳಲಿಲ್ಲಲ್ಲ, ಚನ್ನವೀರಾ” ಎಂದರು.

“ಅದು ನನಗ ಗೊತ್ತೈತ್ರಿ” ಎಂದು ಚನ್ನವೀರ ತಲೆ ತಗ್ಗಿಸಿದ.